ಬಿಸಿ ಕೈಯವರಿಗೆ ಹಾಡು

ಎಟೋಬಿಕೋಕ್
ಮಾರ್ಚ್ 1, 2025

ಪ್ರೀತಿಯ ಸೌಜನ್ಯ,

ಫೋನ್ ಎತ್ತುವುದಿಲ್ಲ, ಮೆಸೇಜಿಗೆ ಉತ್ತರ ಇಲ್ಲ. ಎಂತ ಮಾರಾಯ್ತಿ, ಒಂದು ಫೋಟೋ ಬಂದದ್ದೇ ದೊಡ್ಡ ಜನ ಆಗಿಬಿಟ್ಟೆಯಾ? ತುಳುವಿನಲ್ಲಿ ಬೈಯಬಹುದು, ಬರೆಯಲಿಕ್ಕೆ ನಮಗೆ ಕನ್ನಡವೇ ಬೇಕು. ಅದಕ್ಕೇ ಕಾಗದ ಹಿಡಿದು ಕೂತೆ. ಜೊತೆಗೆ ನಮ್ಮ ಸ್ಕೂಲಿನ ನ್ಯೂಸ್‌ಲೆಟರ್ ಇಟ್ಟಿದ್ದೇನೆ. ಮೊದಲ ಪುಟದಲ್ಲೇ ಏಪ್ರನ್ ಕಟ್ಟಿಕೊಂಡು ನಿಂತವಳು ಯಾರು ಅಂತ ನೋಡು. ಕಿನ್ನಿಗೋಳಿಗೆ ಕಳಿಸು, ನಿನ್ನ ಅಮ್ಮ ನೋಡಲಿ.

ನೀನು ಒಳಗೆ ದೋಸೆ ಹೊಯ್ಯುತ್ತಿದ್ದಿ, ಹೊರಗೆ ಎಂತ ನಡೆಯಿತು ಅಂತ ನಿನಗೆ ಪೂರ್ತಿ ಗೊತ್ತಿಲ್ಲ. ನ್ಯೂಜಿಲೆಂಡಿನಲ್ಲಿ ನಾನು ಬಿಸಿನೆಸ್ ಸ್ಟಡೀಸ್ ಕಲಿಸುತ್ತಿದ್ದಾಗಿನ ಕತೆ ಕಾರಿನಲ್ಲಿ ಹೇಳಿದ್ದೆನಲ್ಲ, ಅಲ್ಲಿ ಹೈಸ್ಕೂಲಿನ ಮಕ್ಕಳು ಒಂದು ಸಣ್ಣ ವ್ಯಾಪಾರ ನಡೆಸಿ ತೋರಿಸಬೇಕು, ಅದು ಅಲ್ಲಿಯ ಮೂಲನಿವಾಸಿಗಳಾದ ಮಾವೊರಿ ಜನರ ಮೌಲ್ಯಗಳಿಗೆ ಹೊಂದಬೇಕು. ಲಾಭ ಎಷ್ಟು ಅನ್ನುವುದು ಆಮೇಲೆ. ಬಂದವರನ್ನು ಹೇಗೆ ನೋಡಿಕೊಂಡಿರಿ, ಕೆಲಸ ಮಾಡಿದವರ ಮರ್ಯಾದೆ ಹೇಗೆ ಕಾಪಾಡಿದಿರಿ ಅನ್ನುವುದು ಮೊದಲು. ಅದಕ್ಕೆ ಅವರು ಮನಾಕಿತಂಗ ಅನ್ನುತ್ತಾರೆ. ನನಗೆ ಇದನ್ನು ಕಲಿಸಿದವರು ಫಾಯ ಹೂರಿಯಾ. ಫಾಯ ಅಂದರೆ ಅಮ್ಮನೂ ಹೌದು, ಟೀಚರೂ ಹೌದು. ನನ್ನ ಜೊತೆಗೆ ಅದೇ ಸ್ಟಾಫ್‌ರೂಮಿನಲ್ಲಿದ್ದ ಮಾವೊರಿ ಹೆಂಗಸು. ಅವರನ್ನು ಕೇಳಿಯೇ ಈ ಪಾಠವನ್ನು ಇಲ್ಲಿ ಕೆನಡಾಕ್ಕೆ ತಂದೆ.

ಅವರ ಊರ ಚಾವಡಿಯಲ್ಲಿ ಊಟ ಮುಗಿದ ಮೇಲೆ ನೆಂಟರು ಎದ್ದು ಹೋಗುವುದಿಲ್ಲ. ಒಳಗೆ ಬೆಂಕಿ ಮುಂದೆ ಬೆಂದವರನ್ನು ಹೊರಗೆ ಕರೆಯುತ್ತಾರೆ. ರಿಂಗಾ ವೆರಾ, ಬಿಸಿ ಕೈಯವರು ಅಂತ ಅವರ ಹೆಸರು. ಅವರನ್ನು ಎದುರು ನಿಲ್ಲಿಸಿ, ಉಂಡವರೆಲ್ಲ ನಿಂತು ಹಾಡು ಹೇಳುತ್ತಾರೆ. ಮೊದಲ ಸಲ ನೋಡಿದಾಗ ನನಗೆ ಅಳು ತಡೆಯಲಿಕ್ಕೆ ಆಗಲಿಲ್ಲ. ನಮ್ಮಲ್ಲಿ ಮದುವೆ ಊಟ ಮಾಡಿ, ಸಾರು ಸಪ್ಪೆ ಅಂತ ಹೇಳಿ ಕೈ ತೊಳೆಯುತ್ತೇವೆ ಅಷ್ಟೆ.

ಗುರುವಾರ ಮಾಲ್ಟನ್‌ನಲ್ಲಿ ಲೋಕೇಶಣ್ಣನ ಹೋಟೆಲಿನ ಹಾಲ್‌ನಲ್ಲಿ ನನ್ನ ಕ್ಲಾಸಿನ ಮಕ್ಕಳು ಅದನ್ನೇ ಮಾಡಿದರು. ತಿಂಗಳುಗಟ್ಟಲೆ ಹಾಡು ಕಲಿತಿದ್ದರು ಪಾಪ. ನಾನು ಮೈಕ್ ಹಿಡಿದು ನಿನ್ನ ಬಗ್ಗೆ ಎರಡು ಮಾತು ಹೇಳಿದೆ. ಈ ಹುಡುಗಿ ಹಗಲಿಡೀ ಕಾಲೇಜಿಗೆ ಹೋಗುತ್ತಾಳೆ, ವಾರದ ಪ್ರತಿ ಸಂಜೆಯೂ ಈ ಒಲೆಯ ಮುಂದೆ ನಿಲ್ಲುತ್ತಾಳೆ, ಶನಿವಾರ ಭಾನುವಾರ ಬೆಳಗಿನಿಂದಲೇ, ಒಂದು ದಿನ ರಜೆ ಇಲ್ಲ, ಎಂಟರ್‌ಪ್ರೈಸ್ ಅಂದರೆ ಇದು ಅಂತ. ನ್ಯೂಸ್‌ಲೆಟರಿನವರು ಅದನ್ನೂ ಹಾಗೆಯೇ ಹಾಕಿದ್ದಾರೆ. ಪ್ರಿನ್ಸಿಪಾಲರು ಕಣ್ಣು ಒರೆಸಿಕೊಂಡರು. ನಿನ್ನ ಜೊತೆಗಿದ್ದ ಆ ವರುಣ್ ಮಾತ್ರ ಎಷ್ಟು ಕರೆದರೂ ಬರಲಿಲ್ಲ. ಕೋಲ್ಡ್ ರೂಮಿನ ಒಳಗೆ ಹೋಗಿ ನಿಂತನಂತೆ. ಇಷ್ಟು ನಾಚಿಕೆ ಒಳ್ಳೆಯದಲ್ಲ ಅಂತ ಅವನಿಗೆ ಹೇಳು.

ಫೋಟೋ ಸರಿ ನೋಡಿದೆಯಾ? ನೀನೂ ಬಾಯಿ ತೆರೆದು ನಮ್ಮ ಜೊತೆ ಹಾಡುತ್ತಾ ಇದ್ದಿ! ಮಾವೊರಿ ಹಾಡು ನಿನಗೆ ಯಾವಾಗ ಬಂತು? ಕದ್ದು ಕೇಳಿ ಕಲಿತೆ ಅಂತ ಕಾಣುತ್ತದೆ.

ಮುಂದಿನ ವಾರ ಊಟಕ್ಕೆ ಬಾ. ಪತ್ರೊಡೆ ಮಾಡುತ್ತೇನೆ, ಎಲೆ ಸಿಕ್ಕಿದೆ.

ನಿನ್ನ
ಕಲಾವತಿ ಅಕ್ಕ


ಮಾಲ್ಟನ್
ಜುಲೈ 6, 2025

ಕಲಾವತಿ ಅಕ್ಕ,

ಇಷ್ಟು ದಿನ ನಿಮಗೆ ಉತ್ತರ ಕೊಡದೆ ಇದ್ದದ್ದು ಬೇಕೆಂದೇ. ನೀವು ಮನೆಗೆ ಬಂದು ಬೇಸ್‌ಮೆಂಟಿನ ಬಾಗಿಲು ಬಡಿದ ದಿನ ನಾನು ಒಳಗೇ ಇದ್ದೆ. ಫೋನಿನಲ್ಲಿ ನಿಮ್ಮ ಜೊತೆ ಮಾತಾಡಲಿಕ್ಕೆ ಆಗುವುದಿಲ್ಲ, ನೀವು ನಡುವೆ ಬಾಯಿ ಹಾಕುತ್ತೀರಿ, ನಾನು ಹೇಳಬೇಕಾದ್ದು ಅಲ್ಲೇ ಉಳಿಯುತ್ತದೆ. ಕಾಗದದಲ್ಲಾದರೆ ಕೊನೆವರೆಗೆ ಓದಲೇಬೇಕು.

ನಿಮ್ಮ ಹಾಡು ಆದ ಮರುದಿನವೇ ಲೋಕೇಶಣ್ಣ ನನ್ನನ್ನು ಬಿಡಿಸಿದರು. ಬೈಯಲಿಲ್ಲ. ನನ್ನ ಏಪ್ರನ್ ತೆಗೆದುಕೊಂಡು ಮಡಚಿ ಇಟ್ಟು, ನಾಳೆಯಿಂದ ಬರಬೇಡ ಅಂದರು. ಸ್ಟೂಡೆಂಟ್ ಪರ್ಮಿಟ್‌ನಲ್ಲಿ ವಾರಕ್ಕೆ ಇಷ್ಟೇ ಗಂಟೆ ಅಂತ ಉಂಟು. ಅದಕ್ಕಿಂತ ಹೆಚ್ಚು ಮಾಡಿದ್ದಕ್ಕೆ ಅವರು ಲೆಕ್ಕಕ್ಕೆ ಹಾಕದೆ ಕೈಯಲ್ಲಿ ದುಡ್ಡು ಕೊಡುತ್ತಿದ್ದರು, ಅದು ನಿಮಗೆ ಗೊತ್ತಿತ್ತು. ನಾನೇ ಹೇಳಿದ್ದೆ. ಕಾರಿನಲ್ಲಿ, ನೀವು ಮನೆಗೆ ಬಿಡುವಾಗ. ಸುಸ್ತಾಗಿತ್ತು, ಬಾಯಿಗೆ ಬಂದದ್ದು ಹೇಳಿದೆ. ಅಕ್ಕ ಅಂತ ಹೇಳಿದ್ದು, ಮೈಕಿನಲ್ಲಿ ಹೇಳಲಿಕ್ಕೆ ಅಲ್ಲ.

ಕೆಲಸ ಹೋದದ್ದು ಹೋಗಲಿ. ಮೇ ತಿಂಗಳಲ್ಲಿ ಕೋರ್ಸ್ ಮುಗಿಯಿತು, ವರ್ಕ್ ಪರ್ಮಿಟಿಗೆ ಹಾಕಿದೆ. ಈಗ ಇಮಿಗ್ರೇಶನ್‌ನಿಂದ ಕಾಗದ ಬಂದಿದೆ. ಯಾರೋ ನಿಮ್ಮ ನ್ಯೂಸ್‌ಲೆಟರನ್ನು ಅವರಿಗೆ ಕಳಿಸಿದ್ದಾರೆ. ಯಾರು ಅಂತ ಗೊತ್ತಿಲ್ಲ, ಇಂಟರ್‌ನೆಟ್‌ನಲ್ಲಿ ಇದ್ದದ್ದು ಯಾರಿಗೂ ಸಿಗುತ್ತದೆ. ಅದರಲ್ಲಿ ನನ್ನ ಹೆಸರು, ನನ್ನ ಮುಖ, ಪಕ್ಕದಲ್ಲಿ ನಿಮ್ಮ ಮಾತು. ಪ್ರತಿ ಸಂಜೆ, ಶನಿವಾರ ಭಾನುವಾರ ಬೆಳಗಿನಿಂದಲೇ, ಒಂದು ದಿನ ರಜೆ ಇಲ್ಲ. ನಿಜವಾ ಅಂತ ಕೇಳಿದ್ದಾರೆ. ಈ ತಿಂಗಳ ಕೊನೆಯ ಒಳಗೆ ಉತ್ತರ ಕೊಡಬೇಕು.

ನನಗೆ ಒಂದೇ ಒಂದು ಸಹಾಯ ಬೇಕು. ಆ ದಿನ ಹೇಳಿದ್ದು ಹೊಗಳಿಕೆಯ ಮಾತು, ಸಭೆಗೆ ಅಂತ ಸ್ವಲ್ಪ ಹೆಚ್ಚು ಮಾಡಿ ಹೇಳಿದೆ, ಈ ಹುಡುಗಿ ಎಷ್ಟು ಗಂಟೆ ಕೆಲಸ ಮಾಡುತ್ತಾಳೆ ಅಂತ ನನಗೆ ಗೊತ್ತಿಲ್ಲ ಅಂತ ಒಂದು ಪುಟ ಬರೆದು ಸಹಿ ಹಾಕಿ ಕೊಡಿ. ಹೇಳಿದವರೇ ಅಲ್ಲ ಅಂದರೆ ಅವರ ಹತ್ತಿರ ಬೇರೆ ಏನೂ ಇಲ್ಲ. ಕಾನೂನು ತಿಳಿದವರ ಹತ್ತಿರ ಕೇಳಿಯೇ ಬರೆಯುತ್ತಾ ಇದ್ದೇನೆ.

ಅದು ಸುಳ್ಳು ಅಂತ ನನಗೆ ಗೊತ್ತುಂಟು. ನಾನು ತಪ್ಪು ಮಾಡಿದ್ದೇನೆ ಅಂತಲೂ ಗೊತ್ತುಂಟು. ಮನೆ ಬಾಡಿಗೆಗೆ ಬೇರೆ ದಾರಿ ಇರಲಿಲ್ಲ. ಆದರೆ ಆ ತಪ್ಪು ನನ್ನದಾಗಿ ನನ್ನ ಹತ್ತಿರ ಇತ್ತು. ಹೊರಗೆ ತಂದು ದೀಪದ ಕೆಳಗೆ ನಿಲ್ಲಿಸಿದ್ದು ನೀವು.

ಸೌಜನ್ಯ


ಎಟೋಬಿಕೋಕ್
ಜುಲೈ 14, 2025

ಪ್ರೀತಿಯ ಸೌಜನ್ಯ,

ನಿನ್ನ ಕಾಗದ ಓದಿದೆ. ಲೋಕೇಶನಿಗೆ ಕೂಡಲೇ ಫೋನ್ ಮಾಡಿ ಸಮಾ ಬೈದೆ. ಹುಡುಗರನ್ನು ಹಾಗೆ ದುಡಿಸಿಕೊಂಡು, ಪೇಚಾಟ ಬಂದ ಕೂಡಲೇ ಏಪ್ರನ್ ಮಡಚಿ ಇಡುವುದಾ? ನಿನ್ನ ಸ್ಥಿತಿಗೆ ಮೊದಲ ಕಾರಣ ಅವನೇ, ಅದನ್ನು ಮರೆಯಬೇಡ.

ಮಗಾ, ನೀನು ಕೇಳಿದ ಪುಟವನ್ನು ಬರೆಯಲಿಕ್ಕೆ ಕೂತೆ. ಆಗಲಿಲ್ಲ. ನಾನು ಟೀಚರ್. ಸಹಿ ಹಾಕಿ ಸರಕಾರಕ್ಕೆ ಸುಳ್ಳು ಕೊಟ್ಟದ್ದು ಗೊತ್ತಾದರೆ ನನ್ನ ಟೀಚಿಂಗ್ ಲೈಸೆನ್ಸ್ ಹೋಗುತ್ತದೆ. ನ್ಯೂಜಿಲೆಂಡಿನ ಸರ್ಟಿಫಿಕೇಟು ಇಲ್ಲಿ ನಡೆಯುವುದಿಲ್ಲ ಅಂತ ಎಷ್ಟು ವರ್ಷ ರಜೆ ಹಾಕಿದವರ ಬದಲಿಗೆ ಸಪ್ಲೈ ಟೀಚರ್ ಆಗಿ ಊರೂರು ತಿರುಗಿದ್ದೇನೆ, ನಿನಗೆ ಹೇಳಿದ್ದೇನೆ. ಪರ್ಮನೆಂಟ್ ಆದದ್ದು ಈಗ ಮೊನ್ನೆ. ಇದು ಹೋದರೆ ನನಗೆ ಇನ್ನೊಂದು ಸಿಗುವುದಿಲ್ಲ. ಅದು ಬಿಡು, ಸೆಪ್ಟೆಂಬರ್‌ನಲ್ಲಿ ಆ ಮಕ್ಕಳ ಎದುರು ನಿಂತು ವ್ಯಾಪಾರದಲ್ಲಿ ಮರ್ಯಾದೆ, ನಂಬಿಕೆ ಅಂತ ಯಾವ ಬಾಯಲ್ಲಿ ಹೇಳಲಿ?

ಹಾಗಂತ ಸುಮ್ಮನೆ ಕೂತಿಲ್ಲ. ಜೊತೆಗೆ ಎರಡು ಪುಟದ ಪತ್ರ ಇಟ್ಟಿದ್ದೇನೆ. ಎಲ್ಲ ನಿಜವೇ ಬರೆದಿದ್ದೇನೆ. ನಿನ್ನಷ್ಟು ಪ್ರಾಮಾಣಿಕ, ಕಷ್ಟಸಹಿಷ್ಣು ಹುಡುಗಿಯನ್ನು ನಾನು ನೋಡಿಲ್ಲ, ಕಾಲೇಜು ಮತ್ತು ಕೆಲಸ ಎರಡನ್ನೂ ವಿಶ್ರಾಂತಿ ಇಲ್ಲದೆ ನಿಭಾಯಿಸಿದಳು, ಇಂಥವರು ಈ ದೇಶಕ್ಕೆ ಬೇಕು ಅಂತ. ಮನಾಕಿತಂಗ ಅಂದರೆ ಎಂತ ಅಂತಲೂ ಒಂದು ಪ್ಯಾರಾ ಉಂಟು. ಓದಿದರೆ ಯಾವ ಆಫೀಸರನ ಮನಸ್ಸೂ ಕರಗಬೇಕು. ಇದನ್ನೇ ಕಳಿಸು. ಲಾಯರಿನ ಖರ್ಚು ಬೇಕಿದ್ದರೆ ಕೇಳು, ಸಂಕೋಚ ಮಾಡಬೇಡ.

ನಿನ್ನ ಒಳ್ಳೆಯದಕ್ಕೇ ಹೇಳಿದ್ದೆ ಸೌಜನ್ಯ. ಕೆಟ್ಟದ್ದು ಆಗಲಿ ಅಂತ ಯಾರಾದರೂ ಹಾಡು ಹೇಳುತ್ತಾರಾ?

ಕಲಾವತಿ ಅಕ್ಕ


ಮಾಲ್ಟನ್
ಜುಲೈ 22, 2025

ಅಕ್ಕ,

ನಿಮ್ಮ ಪತ್ರ ಸಿಕ್ಕಿತು. ಇಂಗ್ಲಿಷ್ ಬಹಳ ಚಂದ ಉಂಟು.

ಕಾಲೇಜು ಮತ್ತು ಕೆಲಸ ಎರಡನ್ನೂ ವಿಶ್ರಾಂತಿ ಇಲ್ಲದೆ ನಿಭಾಯಿಸಿದಳು. ಅವರು ಕೇಳಿದ ಪ್ರಶ್ನೆಯೇ ಅದು. ಉತ್ತರವನ್ನು ನೀವು ಸಹಿ ಹಾಕಿ ಬರೆದು ಕೊಟ್ಟಿದ್ದೀರಿ. ಮೊದಲು ಒಂದು ನ್ಯೂಸ್‌ಲೆಟರ್ ಇತ್ತು, ಇದನ್ನೂ ಕಳಿಸಿದ್ದರೆ ಎರಡು ಸಾಕ್ಷಿ ಆಗುತ್ತಿತ್ತು. ಹರಿದು ಹಾಕಿದ್ದೇನೆ, ಬೇಸರ ಮಾಡಬೇಡಿ.

ನಿಮ್ಮ ಲೈಸೆನ್ಸ್ ವಿಷಯ ನನಗೆ ಅರ್ಥ ಆಗುತ್ತದೆ. ಹೆದರಿಕೆ ಅಂತ ಅಷ್ಟೇ ಬರೆದಿದ್ದರೆ ನಾನು ಸುಮ್ಮನಾಗುತ್ತಿದ್ದೆ, ನನಗೂ ಹೆದರಿಕೆ ಗೊತ್ತಿಲ್ಲವಾ? ಅದರ ಮೇಲೆ ಮರ್ಯಾದೆ, ನಂಬಿಕೆ ಅಂತ ಹೊದಿಸಿ ಕೊಟ್ಟಿರಲ್ಲ, ಅದಕ್ಕೆ ಮೈ ಉರಿಯಿತು. ನಿಮಗೆ ನಿಮ್ಮ ಕೆಲಸ ಉಳಿಸಿಕೊಳ್ಳಬೇಕು. ನನಗೂ ಅಷ್ಟೇ ಬೇಕಾದದ್ದು.

ಲೋಕೇಶಣ್ಣನನ್ನು ಬೈಯಬೇಡಿ. ಅವರು ದುಡಿಸಿದ್ದು ಹೌದು. ಆದರೆ ರಾತ್ರಿ ಕಳಿಸುವಾಗ ಉಳಿದ ಅನ್ನ ಸಾರು ಕಟ್ಟಿ ಕೊಡುತ್ತಿದ್ದರು, ನಮ್ಮನ್ನು ಹೊರಗಿನವರ ಕಣ್ಣಿಗೆ ಬೀಳದ ಹಾಗೆ ಇಟ್ಟಿದ್ದರು. ಅದು ಒಳ್ಳೆಯದು ಅಂತ ಹೇಳುವುದಿಲ್ಲ, ಅದರ ಒಳಗೆ ನನಗೊಂದು ಜಾಗ ಇತ್ತು ಅಂತ ಮಾತ್ರ ಹೇಳುತ್ತಾ ಇದ್ದೇನೆ. ನೀವು ಬಂದು ಗೌರವ ಕೊಟ್ಟಿರಿ, ಜಾಗ ಹೋಯಿತು.

ವರುಣ್‌ಗೆ ವರ್ಕ್ ಪರ್ಮಿಟ್ ಸಿಕ್ಕಿತು. ನಾಚಿಕೆಯಿಂದ ಅವನು ಕೋಲ್ಡ್ ರೂಮಿಗೆ ಹೋದದ್ದಲ್ಲ.

ಇನ್ನು ಬರೆಯಬೇಡಿ.

ಸೌಜನ್ಯ


ಎಟೋಬಿಕೋಕ್
ನವೆಂಬರ್ 2, 2025

ಸೌಜನ್ಯ,

ಬರೆಯಬೇಡಿ ಅಂತ ನೀನು ಅಂದಿದ್ದಿ. ಮೂರು ತಿಂಗಳು ಬಾಯಿ ಕಟ್ಟಿಕೊಂಡು ಕೂತಿದ್ದೆ, ನನಗೆ ಅದೆಷ್ಟು ಕಷ್ಟ ಅಂತ ನಿನಗೆ ಗೊತ್ತು. ಕಳೆದ ವಾರ ಮಾಲ್ಟನ್‌ಗೆ ಹೋದೆ. ನಿನ್ನ ಬೇಸ್‌ಮೆಂಟಿನಲ್ಲಿ ಈಗ ಬೇರೆ ಯಾರೋ ಹುಡುಗಿಯರು ಇದ್ದಾರೆ, ನೀನು ಎಲ್ಲಿ ಅಂತ ಅವರಿಗೆ ಗೊತ್ತಿಲ್ಲ. ಲೋಕೇಶ ಗಲ್ಲಾದಲ್ಲಿ ಕೂತವನು ತಲೆ ಎತ್ತದೆ, ಅವಳು ಊರಿಗೆ ಹೋದಳು, ಎರಡು ತಿಂಗಳಾಯಿತು ಅಂದ. ನನಗೆ ಚಾ ಕುಡಿಯಿರಿ ಅಂತಲೂ ಹೇಳಲಿಲ್ಲ. ಕಿನ್ನಿಗೋಳಿಯ ವಿಳಾಸ ಕೊಟ್ಟ, ಅಷ್ಟು ಪುಣ್ಯ.

ಆಗಸ್ಟಿನಲ್ಲಿ ಫಾಯ ಹೂರಿಯಾಗೆ ಎಲ್ಲ ಬರೆದಿದ್ದೆ. ಅವರು ನನ್ನ ಪರ ಮಾತಾಡುತ್ತಾರೆ, ಸಮಾಧಾನ ಹೇಳುತ್ತಾರೆ ಅಂದುಕೊಂಡಿದ್ದೆ. ಅವರು ಒಂದೇ ಮಾತು ಕೇಳಿದರು. "ಆ ಅಡುಗೆಮನೆ ಆ ಹುಡುಗಿಯದ್ದಾ?"

ನನಗೆ ಮೊದಲು ತಲೆಬುಡ ಅರ್ಥ ಆಗಲಿಲ್ಲ. ಫೋನ್ ಮಾಡಿದೆ. ಆಗ ಅವರು ಬಿಡಿಸಿ ಹೇಳಿದರು. "ನಮ್ಮಲ್ಲಿ ಒಳಗೆ ಬೇಯಿಸುವವರು ಕೆಲಸದವರಲ್ಲ, ಮನೆಯವರು. ಆ ನೆಲ ಅವರದ್ದು, ನೆಂಟರನ್ನು ಕರೆದವರೇ ಅವರು. ಅವರು ತಲೆ ಎತ್ತಿಕೊಂಡು ಹೊರಗೆ ಬರುತ್ತಾರೆ, ಯಾಕೆಂದರೆ ಅವರನ್ನು ಅಲ್ಲಿಂದ ಕಳಿಸಲಿಕ್ಕೆ ಯಾರಿಗೂ ಆಗುವುದಿಲ್ಲ. ನೀನು ನಮ್ಮ ಹಾಡನ್ನು ಮಾತ್ರ ತೆಗೆದುಕೊಂಡು ಹೋದೆ, ಅದರ ಕೆಳಗಿನ ನೆಲವನ್ನು ಅಲ್ಲ" ಅಂದರು. ಅಷ್ಟು ವರ್ಷ ಅವರ ಪಕ್ಕದಲ್ಲಿ ಕೂತು ಕಲಿಸಿದ್ದೇನೆ, ಇಷ್ಟು ನನಗೆ ಹೊಳೆಯಬೇಕಿತ್ತು. ನಿನ್ನನ್ನು ಕರೆಯುವ ಮೊದಲು, ಬರ್ತೀಯಾ ಅಂತ ಒಂದು ಮಾತು ಕೇಳಬೇಕಿತ್ತು. ಕೇಳಿದ್ದರೆ ನೀನು ಬೇಡ ಅನ್ನುತ್ತಿದ್ದಿ. ಬೇಡ ಅಂದರೆ ನನ್ನ ಕಾರ್ಯಕ್ರಮ ಸಪ್ಪೆ ಆಗುತ್ತಿತ್ತು. ಅದಕ್ಕೇ ಕೇಳಲಿಲ್ಲವೋ ಏನೋ, ಈಗ ಹೇಳಲಿಕ್ಕೆ ನನಗೇ ಧೈರ್ಯ ಇಲ್ಲ.

ಜೊತೆಗೆ ಒಂದು ಪುಟ ಇಟ್ಟಿದ್ದೇನೆ. ನೀನು ಜುಲೈಯಲ್ಲಿ ಕೇಳಿದ್ದೇ ಅದು. ಹೆಚ್ಚು ಮಾಡಿ ಹೇಳಿದೆ, ಗಂಟೆ ನನಗೆ ಗೊತ್ತಿಲ್ಲ ಅಂತ ಬರೆದು ಸಹಿ ಹಾಕಿದ್ದೇನೆ. ಲೈಸೆನ್ಸ್ ಹೋದರೆ ಹೋಗಲಿ. ಮತ್ತೆ ಅರ್ಜಿ ಹಾಕಲಿಕ್ಕೆ ಆಗುತ್ತದಾದರೆ ಹಾಕು.

ಇನ್ನೊಂದು ವಿಷಯ ಉಂಟು. ಹೇಗೆ ಹೇಳುವುದು ಅಂತ ಗೊತ್ತಾಗುತ್ತಿಲ್ಲ. ನನ್ನ ಈ ಪಾಠವನ್ನು ಸ್ಕೂಲ್ ಬೋರ್ಡಿನವರು ಮೆಚ್ಚಿದ್ದಾರೆ. ಮುಂದಿನ ವರ್ಷದಿಂದ ಬೇರೆ ಹೈಸ್ಕೂಲುಗಳಿಗೂ ಕೊಡುತ್ತಾರಂತೆ, ಆಚೆ ಪಿಕರಿಂಗ್ ಊರಿನ ಸ್ಕೂಲಿನವರೂ ಕೇಳಿದ್ದಾರೆ. ಅದಕ್ಕೆ ತರುವ ಪಾಠಪುಸ್ತಕದ ಮುಖಪುಟಕ್ಕೆ ಅದೇ ಫೋಟೋ ಬೇಕು ಅಂತ ಅವರ ಹಟ, ನೀನು ನಮ್ಮ ಜೊತೆ ಹಾಡುವ ಫೋಟೋ. ಅಡುಗೆಯವರೂ ಹಾಡಿಗೆ ದನಿ ಸೇರಿಸಿದರು, ಇದೇ ಈ ಪಾಠದ ಅರ್ಥ ಅಂತ ಕೆಳಗೆ ಬರೆಯುತ್ತಾರಂತೆ. ನಾನು ಈ ಸಲ, ಅವಳನ್ನು ಕೇಳದೆ ಆಗುವುದಿಲ್ಲ ಅಂತ ಗಟ್ಟಿಯಾಗಿ ಹೇಳಿದೆ.

ಅದಕ್ಕೆ ಕೇಳುತ್ತಾ ಇದ್ದೇನೆ. ಹಾಕಬಹುದಾ?

ಕಲಾವತಿ


ಕಿನ್ನಿಗೋಳಿ
ಡಿಸೆಂಬರ್ 19, 2025

ಕಲಾವತಿ ಅಕ್ಕ,

ನಿಮ್ಮ ಕಾಗದ ಬಂದು ಬಹಳ ದಿನ ಆಯಿತು. ಅಮ್ಮ ಅದನ್ನು ಟಿವಿಯ ಮೇಲೆ ಇಟ್ಟು, ಕೆನಡಾದಿಂದ ಕಾಗದ ಬಂದಿದೆ, ಮಗಳನ್ನು ವಾಪಸ್ ಕರೆಯುತ್ತಾರೆ ಅಂತ ಕಾಣುತ್ತದೆ ಅಂತ ಬಂದವರಿಗೆಲ್ಲ ಹೇಳಿದರು. ತೆರೆದು ಓದಿ ಹೇಳುವವರೆಗೆ ಅವರ ಮುಖ ನೋಡಲಿಕ್ಕೆ ಆಗುತ್ತಿರಲಿಲ್ಲ, ಓದಿದ ಮೇಲೆ ಇನ್ನೂ ಆಗಲಿಲ್ಲ.

ಪರ್ಮಿಟ್ ಆಗಸ್ಟಿನಲ್ಲೇ ಇಲ್ಲ ಅಂತ ಬಂತು. ನಾನು ಸುಳ್ಳು ಹೇಳಲಿಲ್ಲ ಅಕ್ಕ. ನಿಮ್ಮ ಪುಟ ಇಲ್ಲದೆ, ಅದು ನಿಜ ಅಲ್ಲ ಅಂತ ನಾನೊಬ್ಬಳೇ ಅಂದರೆ ಯಾರು ನಂಬುತ್ತಾರೆ? ಹೌದು, ಮಾಡಿದೆ, ಬಾಡಿಗೆ ಕಟ್ಟಲಿಕ್ಕೆ ಮಾಡಿದೆ ಅಂತ ಬರೆದೆ. ನಿಜ ಹೇಳಿದ್ದಕ್ಕೆ ಎರಡೇ ಸಾಲಿನ ಉತ್ತರ ಬಂತು.

ಈಗ ನೀವು ಬರೆದ ಸುಳ್ಳು ಓದಿದೆ. ಚೆನ್ನಾಗಿ ಬರೆದಿದ್ದೀರಿ. ಜುಲೈಯಲ್ಲಿ ಕೊಟ್ಟಿದ್ದರೆ ನಾನು ಮಾಲ್ಟನ್‌ನಲ್ಲಿ ಇರುತ್ತಿದ್ದೆ, ನಿಮಗೆ ಹೆದರಿಕೆ ಆಗುತ್ತಿತ್ತು. ಈಗ ಕೊಟ್ಟದ್ದರಿಂದ ನಾನು ಎಲ್ಲಿಯೂ ಹೋಗುವುದಿಲ್ಲ, ನಿಮಗೂ ಹೆದರಿಕೆ ಇಲ್ಲ. ಇದನ್ನು ಉಪಯೋಗಿಸಿ ನಿಮ್ಮ ಹೊಟ್ಟೆಯ ಮೇಲೆ ಹೊಡೆಯಲಿಕ್ಕೆ ನನಗೆ ಮನಸ್ಸಿಲ್ಲ. ವಾಪಸ್ ಕಳಿಸಿದ್ದೇನೆ, ನೀವೇ ಹರಿದು ಹಾಕಿ.

ನಾನು ಇಲ್ಲಿ ಒಂದು ಪಿಯು ಕಾಲೇಜಿನಲ್ಲಿ ಗೆಸ್ಟ್ ಲೆಕ್ಚರರ್ ಆಗಿದ್ದೇನೆ. ವ್ಯವಹಾರ ಅಧ್ಯಯನ ಕಲಿಸುವುದು, ನಿಮ್ಮದೇ ಸಬ್ಜೆಕ್ಟು. ಕೆನಡಾದಿಂದ ಬಂದವಳು ಅಂತ ಮಕ್ಕಳಿಗೆ ಮೊದಲು ಕುತೂಹಲ ಇತ್ತು. ಯಾಕೆ ಬಂದಿರಿ ಮೇಡಂ ಅಂತ ಒಬ್ಬಳು ಕೇಳಿದಳು. ನಾನು ತಿರುಗಿ ಬೋರ್ಡ್ ಒರೆಸಿದೆ. ಊರಿನಲ್ಲಿ ಆ ಪ್ರಶ್ನೆ ಇನ್ನೂ ಮುಗಿದಿಲ್ಲ. ಅಂಗಡಿಯಲ್ಲಿ, ಬಸ್ಸಿನಲ್ಲಿ, ದೊಡ್ಡಮ್ಮನ ಮನೆಯಲ್ಲಿ, ಎಲ್ಲ ಕಡೆ. ನಿಮ್ಮ ನ್ಯೂಸ್‌ಲೆಟರಿನ ಫೋಟೋ ಇಲ್ಲಿಯ ವಾಟ್ಸಾಪಿನಲ್ಲೂ ಬಂದಿತ್ತಂತೆ. ಅಷ್ಟು ಓದಿ ಅಲ್ಲಿ ದೋಸೆ ಹೊಯ್ಯುತ್ತಾ ಇದ್ದಳು ಅಂತ ಮಾತಾಡಿಕೊಳ್ಳುತ್ತಾರೆ. ಅಮ್ಮನಿಗೆ ಅದರಲ್ಲಿ ಎಷ್ಟು ಕೇಳಿಸಿದೆ ಅಂತ ನಾನು ಕೇಳಿಲ್ಲ.

ನಿಮ್ಮ ಫಾಯ ಹೂರಿಯಾ ಹೇಳಿದ್ದು ಸರಿ. ಅವರನ್ನು ನಾನು ನೋಡಿಲ್ಲ, ಆದರೂ ನಿಮಗಿಂತ ಅವರಿಗೆ ನನ್ನ ಗುರುತು ಸಿಕ್ಕಿದೆ ಅಂತ ಕಾಣುತ್ತದೆ. ಅವರಿಗೆ ನನ್ನ ನಮಸ್ಕಾರ ತಿಳಿಸಿ.

ಫೋಟೋ ಹಾಕಬಹುದಾ ಅಂತ ಕೇಳಿದ್ದೀರಿ. ಬೇಡ. ಮುಖಪುಟಕ್ಕೂ ಬೇಡ, ಒಳಗೂ ಬೇಡ, ಈಗ ಇರುವ ಕಡೆಯಿಂದಲೂ ತೆಗೆಸಿ. ಈ ಸಲ ಕೇಳಿದ್ದೀರಿ, ಅದಕ್ಕೇ ಒಂದು ವಿಷಯ ಹೇಳಿ ಮುಗಿಸುತ್ತೇನೆ.

ಅದನ್ನು ಇನ್ನೊಮ್ಮೆ ನೋಡಿ. ನೀವು ಕಣ್ಣು ಮುಚ್ಚಿಕೊಂಡು ಹಾಡುತ್ತಾ ಇದ್ದೀರಿ. ಮಕ್ಕಳೆಲ್ಲ ನಿಮ್ಮನ್ನು ನೋಡುತ್ತಾ ಇದ್ದಾರೆ. ನಾನೊಬ್ಬಳೇ ಕ್ಯಾಮೆರಾ ಹಿಡಿದವನ ಕಡೆ ತಿರುಗಿದ್ದೇನೆ, ಬಾಯಿ ತೆರೆದಿದ್ದೇನೆ. ನನಗೆ ಆ ಹಾಡು ಬರುವುದಿಲ್ಲ ಅಕ್ಕ, ಅದರ ಒಂದು ಅಕ್ಷರವೂ ನಾನು ಕಲಿತಿಲ್ಲ. ಫೋಟೋ ತೆಗೆಯಬೇಡಿ ಅಂತ ಹೇಳುತ್ತಾ ಇದ್ದೆ. ನೀವೆಲ್ಲ ಜೋರಾಗಿ ಹಾಡುತ್ತಾ ಇದ್ದಿರಿ, ಯಾರಿಗೂ ಕೇಳಿಸಲಿಲ್ಲ.

ಸೌಜನ್ಯ